ದೇಹದ ಕುರುಹು, ಲೋಕದ ಕಟ್ಟಳೆ

ನವರಾತ್ರಿಯಲ್ಲಿ ಆರಾಧನೆಗೊಳ್ಳುವ ದೇವಿ ಸಕಲ ದೇವತೆಗಳ ತೇಜಸ್ಸಿನಿಂದ ಉದಿಸಿದವಳೆಂದು ದೇವೀಮಾಹಾತ್ಮ್ಯವು ಸಾರುತ್ತದೆ. ಶಿವನ ತ್ರಿಶೂಲ, ವಿಷ್ಣುವಿನ ಚಕ್ರ, ಇಂದ್ರನ ವಜ್ರಾಯುಧಗಳು ಅವಳ ಕೈಸೇರಿದವು. ಪೌರುಷದ ಚಿಹ್ನೆಗಳೆಂದು ಲೋಕ ಬಗೆಯುವ ಆಯುಧಗಳನ್ನು ಧರಿಸಿದುದರಿಂದ ಅವಳ ಮಾತೃತ್ವಕ್ಕೆ ಕುಂದು ಬಂದಿತೆಂದು ಯಾವ ಭಕ್ತನೂ ಹೇಳಲಾರ. ಆದರೆ ಆ ಪೂಜೆ ನಡೆಯುವ ಮನೆಯಲ್ಲಿಯೇ ಮಗಳು ದನಿಯೆತ್ತಿದರೆ ಗಂಡುಬೀರಿಯೆಂಬ ಮೂದಲಿಕೆಯೂ, ಮಗ ಕಣ್ಣೀರಿಟ್ಟರೆ ‘ಹೆಣ್ಣಿನ ಹಾಗೆ ಅಳಬೇಡ’ ಎಂಬ ಗದರಿಕೆಯೂ ಕೇಳಿಬರುವುದುಂಟು. ಹೆಣ್ತನ, ಗಂಡುತನಗಳು ಪ್ರಕೃತಿದತ್ತವೋ ಸಮಾಜ ಕಟ್ಟಿದವೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ.

ಪ್ರಕೃತಿಯ ಪಾಲನ್ನು ಅಲ್ಲಗಳೆಯುವುದು ವಿವೇಕವಲ್ಲ. ಗರ್ಭಧಾರಣೆಯೂ ಸ್ತನ್ಯದಾನವೂ ಸಮಾಜದ ಆಜ್ಞೆಯಿಂದ ಬಂದವಲ್ಲ. ಸಾಮಾನ್ಯವಾಗಿ ಎರಡು ಎಕ್ಸ್ ವರ್ಣತಂತುಗಳುಳ್ಳ ಭ್ರೂಣವು ಹೆಣ್ಣಾಗಿಯೂ, ಒಂದು ಎಕ್ಸ್ ಮತ್ತು ಒಂದು ವೈ ಉಳ್ಳದ್ದು ಗಂಡಾಗಿಯೂ ಬೆಳೆಯುತ್ತದೆ. ಗಂಡುದೇಹದ ಬೆಳವಣಿಗೆಗೆ ಚಾಲನೆ ಕೊಡುವ ವಂಶವಾಹಿಯನ್ನು ವಿಜ್ಞಾನಿಗಳು 1990ರಲ್ಲಿ ಗುರುತಿಸಿದರು. ಈ ಎರಡು ಅಚ್ಚುಗಳಲ್ಲಿ ಪೂರ್ಣವಾಗಿ ಅಡಕವಾಗದ ದೇಹಗಳೂ ಜನಿಸುತ್ತವೆ. ಅವೂ ಪ್ರಕೃತಿಯ ಸೃಷ್ಟಿಯೇ.

ನಡೆನುಡಿಯ ಮಾತು ಬೇರೆ. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888-1967) ಸ್ತ್ರೀಪಾತ್ರಗಳಲ್ಲಿ ಉಟ್ಟ ಸೀರೆಯ ಬಗೆಯನ್ನೂ ತೊಟ್ಟ ಆಭರಣಗಳನ್ನೂ ಅಂದಿನ ಕುಲೀನ ಸ್ತ್ರೀಯರೇ ಅನುಕರಿಸಿದರು. ಕರಾವಳಿಯ ಯಕ್ಷಗಾನದ ಸ್ತ್ರೀವೇಷವನ್ನು ಪುರುಷರು ಬೆಳಗಿಸಿದ್ದೂ ಹೀಗೆಯೇ. ಪುರುಷನೊಬ್ಬನು ಸ್ತ್ರೀಯರಿಗೆ ಲಾವಣ್ಯದ ಮಾದರಿಯಾಗಬಲ್ಲನಾದರೆ, ಆ ಲಾವಣ್ಯವು ರಕ್ತಗತವೆನ್ನುವುದೆಂತು? ಅದು ಕಲಿತದ್ದು, ಕಲಿಸಿದ್ದು.

ಹಾಗೆಂದು ಎಲ್ಲವೂ ಕಲಿಕೆಯೇ ಎಂದರೂ ಸತ್ಯ ಪೂರ್ಣವಾಗದು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನು ಬಾಲ್ಯದಲ್ಲಿ ಗಂಡುಮಗುವೆಂದೇ ಬೆಳೆಸಲಾಯಿತು. ಲೋಕ ಕಲಿಸಿದ್ದು ಗಂಡುತನವನ್ನು. ಒಳಗಿನ ಅರಿವು ನುಡಿದದ್ದು ಬೇರೆ. ಜೋಗತಿ ಪರಂಪರೆಯನ್ನು ಸೇರಿ, ಕಷ್ಟಗಳನ್ನುಂಡು, ಕಲೆಯಿಂದ ಬೆಳೆದ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಹುಟ್ಟಿನ ದೇಹವಾಗಲಿ ಸಮಾಜದ ಪಾಠವಾಗಲಿ ಇಂಥ ಅರಿವನ್ನು ಸಂಪೂರ್ಣವಾಗಿ ವಿವರಿಸಲಾರದು.

ಈ ಒಳಗಿನ ತತ್ತ್ವದತ್ತಲೇ ಜೇಡರ ದಾಸಿಮಯ್ಯನ ದೃಷ್ಟಿ ಹರಿದಿತ್ತು. ಹೊರಗಿನ ಕುರುಹುಗಳನ್ನು ನೋಡಿ ಲೋಕವು ಹೆಸರಿಡುತ್ತದೆ, ಆತ್ಮಕ್ಕೆ ಆ ಭೇದವಿಲ್ಲ ಎಂಬುದು ಆತನ ಪ್ರಸಿದ್ಧ ವಚನವೊಂದರ ತಾತ್ಪರ್ಯ. ಅಕ್ಕಮಹಾದೇವಿ ಆ ಅರಿವನ್ನು ಬಾಳಿ ತೋರಿದಳು. ಬಾದಾಮಿಯ ಗುಹೆಯಲ್ಲಿಯೂ ಮುಂಬಯಿಯ ಸಮೀಪದ ಎಲಿಫೆಂಟಾದಲ್ಲಿಯೂ ಶಿಲ್ಪಿಗಳು ಅರ್ಧನಾರೀಶ್ವರನನ್ನು ಕಡೆದರು. ಅಲ್ಲಿ ಎರಡು ಪಾರ್ಶ್ವಗಳ ಭೇದ ಅಳಿಸಿಹೋಗಿಲ್ಲ. ಆದರೆ ಒಂದು ಇನ್ನೊಂದರ ಒಡೆಯನೂ ಅಲ್ಲ.

ದೇಹವನ್ನು ಕೊಟ್ಟದ್ದು ಪ್ರಕೃತಿ. ಯಾರು ಓದಬೇಕು, ಯಾರು ಮಾತನಾಡಬೇಕು, ಯಾರು ಅಳಬಹುದು, ಯಾರು ಅಡುಗೆಮನೆಯಲ್ಲಿಯೇ ಸವೆಯಬೇಕು ಎಂಬ ಕಟ್ಟಳೆಗಳನ್ನು ಪ್ರಕೃತಿ ಬರೆದಿಲ್ಲ. ಮನುಷ್ಯನೇ ಬರೆದು ಅವಕ್ಕೆ ಪ್ರಕೃತಿಯ ಮುದ್ರೆ ಒತ್ತಿದ್ದಾನೆ. ಬರೆದ ಕೈಯೇ ಅವನ್ನು ತಿದ್ದಲೂ ಬಲ್ಲದು. ತವರುನಾಡನ್ನು ಬಿಟ್ಟು ಮಹಾನಗರಗಳಿಗೆ ಬಂದವರು ಎಷ್ಟೋ ಆಚಾರಗಳನ್ನು ಜತನದಿಂದ ತಂದಿದ್ದಾರೆ. ಅವುಗಳಲ್ಲಿ ಯಾವುದು ಧರ್ಮ, ಯಾವುದು ಬರಿಯ ರೂಢಿ ಎಂಬ ವಿವೇಚನೆಯೂ ದೇವಿಗೆ ಸಲ್ಲಿಸುವ ಪೂಜೆಯೇ ಆಗಿದೆ.