ಮೊಟ್ಟೆಯ ಮೇಲಿನ ಬುತ್ತಿ

ನಾನಿರುವ ಪೆನ್ಸಿಲ್ವೇನಿಯಾದಲ್ಲಿ ಚಳಿ ಶುರುವಾಗುವ ಹೊತ್ತಿಗೆ ಗುರಾಣಿಯಂಥ ಬೆನ್ನಿನ ಕಂದು ತಿಗಣೆಯೊಂದು ಮನೆಯೊಳಗೆ ನುಗ್ಗುತ್ತದೆ. ಹಿಸುಕಿದರೆ ಗಬ್ಬು ನಾತ. ಇದೂ ನಮ್ಮ ಹಾಗೆ ಏಷ್ಯಾದಿಂದ ಬಂದದ್ದು, ವೀಸಾ ಇಲ್ಲದೆ. 1990ರ ದಶಕದಲ್ಲಿ ಇಲ್ಲಿನ ಅಲೆನ್‌ಟೌನ್‌ನಲ್ಲಿ ಕಾಣಿಸಿಕೊಂಡಿತು. 2010ರಲ್ಲಿ ಈ ಭಾಗದ ಸೇಬು ಬೆಳೆಗಾರರಿಗೆ ಸುಮಾರು 3.7 ಕೋಟಿ ಡಾಲರ್ ನಷ್ಟ ಮಾಡಿತು. ಲೆಕ್ಕ ಬರೆಯುವವನಾದ ನನ್ನ ಕಣ್ಣು ಮೊದಲು ಬಿದ್ದದ್ದು ಆ ಅಂಕಿಯ ಮೇಲೆ. ಮನಸ್ಸಿನಲ್ಲಿ ಉಳಿದದ್ದು ಬೇರೆ.

ತಾಯಿ ತಿಗಣೆ ಮೊಟ್ಟೆಯಿಟ್ಟು ಅದರ ಮೇಲೆ ತನ್ನ ಕರುಳಿನ ಸ್ರಾವ ಬಳಿಯುತ್ತದೆ. ಅದರಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತದೆ. ಮರಿಗಳು ಹುಟ್ಟಿದೊಡನೆ ಎಲ್ಲಿಗೂ ಹೋಗದೆ ಮೊಟ್ಟೆಯ ಸಿಪ್ಪೆಗಳ ಮೇಲೇ ಕೂತು ಅದನ್ನು ಹೀರುತ್ತವೆ. ಕರುವಿಗೆ ಗಿಣ್ಣುಹಾಲು ಇದ್ದಂತೆ. ಸಸ್ಯರಸದಲ್ಲಿ ಸಾಲದ ಪೋಷಕಾಂಶಗಳನ್ನು ಮುಂದೆ ಅವುಗಳ ಹೊಟ್ಟೆಯಲ್ಲಿ ತಯಾರಿಸಿಕೊಡುವುದು ಈ ಬ್ಯಾಕ್ಟೀರಿಯಾವೇ. ಮೊಟ್ಟೆಯ ಮೇಲ್ಮೈಯನ್ನು ತೊಳೆದುಬಿಟ್ಟರೆ ಮರಿಗಳು ಸೊರಗುತ್ತವೆ, ಬಹಳಷ್ಟು ಸಾಯುತ್ತವೆ. ಇಟಲಿಯ ಸಂಶೋಧಕರು ಸತು, ತಾಮ್ರ, ಸಿಟ್ರಿಕ್ ಆಮ್ಲದ ದ್ರಾವಣವನ್ನು ಮೊಟ್ಟೆಗಳ ಮೇಲೆ ಸಿಂಪಡಿಸಿ ಇದನ್ನೇ ಸಾಧಿಸಲು ನೋಡಿದ್ದಾರೆ.

ಹುಳವನ್ನು ನಾವು ಕೊಲ್ಲಲಿಲ್ಲ, ಬ್ಯಾಕ್ಟೀರಿಯಾವನ್ನು ಮಾತ್ರ ಎನ್ನಬಹುದು. ಈ ವಾದದ ಪರಿಚಯ ನನಗೆ ಚೆನ್ನಾಗಿದೆ. ಒಂದು ಕಂಪನಿಯ ಖರ್ಚನ್ನು ಅದರದೇ ಇನ್ನೊಂದು ಕಂಪನಿಯ ಪುಸ್ತಕದಲ್ಲಿ ತೋರಿಸುವವರು ಹೀಗೇ ಮಾತಾಡುತ್ತಾರೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಖರ್ಚು ಅಲ್ಲೇ ಇರುತ್ತದೆ. ಮರಿ ಸಾಯಲೆಂದೇ ಬುತ್ತಿ ಕಸಿದದ್ದು. ವಿಷಕ್ಕಿಂತ ಇದು ನಿಧಾನದ ಸಾವು ಕೂಡ. ಇದಕ್ಕೆ ಅಹಿಂಸೆಯ ಹೆಸರು ಕೊಟ್ಟರೆ ನಾನು ಸಹಿ ಹಾಕಲಾರೆ.

ಹಾಗೆಂದು ವಿಷದ ಪುಸ್ತಕವೇನೂ ಚೊಕ್ಕಟವಲ್ಲ. ಫೆನಿಟ್ರೊಥಿಯಾನ್ ಎಂಬ ಕೀಟನಾಶಕವನ್ನು ಪದೇ ಪದೇ ಹಾಕಿದರೆ ಅದನ್ನೇ ಕರಗಿಸಿ ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಹೆಚ್ಚುತ್ತದೆ. ಸೋಯಾ ಬೆಳೆಗೆ ಬೀಳುವ ಇನ್ನೊಂದು ಜಾತಿಯ ತಿಗಣೆಯ ಮರಿ ಅದನ್ನು ಮಣ್ಣಿನಿಂದ ಒಳಗೆ ಸೇರಿಸಿಕೊಂಡರೆ ಆ ವಿಷವನ್ನು ತಡೆದುಕೊಳ್ಳುತ್ತದೆ. 2012ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿದರು. ಶತ್ರುವಿಗೆ ಜೊತೆಗಾರನನ್ನು ಸಾಕಿಕೊಟ್ಟವರು ನಾವೇ. ಇತ್ತ, ಬೆನ್ನಿಗೆ ಪಂಪು ಕಟ್ಟಿ ಬರಿಮೂಗಿನಲ್ಲಿ ಔಷಧಿ ಹೊಡೆಯುವ ನಮ್ಮೂರ ರೈತನ ಶ್ವಾಸಕೋಶ ಯಾವ ಪುಸ್ತಕದಲ್ಲೂ ಇಲ್ಲ.

ಅವನ ಮುಖ ನೆನೆದೇ ನಾನು ಈ ಹೊಸ ದಾರಿಯ ಪರ. ಬೆಳೆ ಉಳಿಸಲು ಕೊಲ್ಲಲೇಬೇಕಾದರೆ ಹೀಗೆ ಕೊಲ್ಲೋಣ, ಕೊಲ್ಲುತ್ತಿದ್ದೇವೆಂದು ಒಪ್ಪಿಕೊಂಡೇ. ಆದರೆ ಜೇನುಹುಳದ ಹೊಟ್ಟೆಯಲ್ಲೂ ಅದಕ್ಕೆ ಬೇಕಾದ ಬ್ಯಾಕ್ಟೀರಿಯಾಗಳಿವೆ. ಮೊಟ್ಟೆಗೆಂದು ಹೊಡೆದ ದ್ರಾವಣ ಹೂವಿನ ಮೇಲೆ ಬಿದ್ದರೆ ಏನಾಗುತ್ತದೆಂದು ಮೊದಲು ಕೇಳಬೇಕು.