ನೋಡಲ್ಲ, ನೋಡೋಕಾಗಲ್ಲ

ಹೋಂಸ್ಟೇಗೆ ಯಾವ ವೈಫೈ ಹಾಕಿಸಬೇಕು ಅನ್ನೋದರಲ್ಲಿ ಧರ್ಮಸೂಕ್ಷ್ಮ ಏನಿದೆ ಅಂತ ನೀವು ಕೇಳಬಹುದು. ಅರ್ಧಕ್ಕರ್ಧ ಏನೂ ಇಲ್ಲ, ಅದು ಗೋಡೆಯ ಲೆಕ್ಕ. ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಒಂದು ಹಳೆ ಮನೆ, ಅಂಗಳದಾಚೆ ಲೈನ್ ಮನೆಗಳ ಸಾಲನ್ನೇ ರಿಪೇರಿ ಮಾಡಿಸಿ ಬಾಡಿಗೆಗೆ ಬಿಟ್ಟಿರೋ ಮೂರು ಮನೆ. ಹಳೆ ಮನೆಯ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. 5 ಗಿಗಾಹರ್ಟ್ಸ್ ಸಿಗ್ನಲ್ ಅಂಥ ಗೋಡೆ ಎದುರು ಸೋತುಹೋಗುತ್ತೆ, 2.4 ಹೇಗೋ ದಾಟುತ್ತೆ, ಆದರೆ ನಿಧಾನ. ಹಾಗಾಗಿ ಹಜಾರದಲ್ಲಿ ನಾಲ್ಕು ಆಂಟೆನಾದ ಒಂದೇ ರೂಟರ್ ಇಟ್ಟು ಎಲ್ಲರಿಗೂ ಹಂಚೋ ಆಸೆ ಬಿಡಬೇಕು. ಮನೆಗೊಂದು ಆಕ್ಸೆಸ್ ಪಾಯಿಂಟ್, ಅದಕ್ಕೆ ಕರೆಂಟೂ ಡೇಟಾನೂ ಒಂದೇ ಕೇಬಲ್ಲಿನಲ್ಲಿ ಕೊಡೋ ಪಿಒಇ ಸ್ವಿಚ್. ಆಚೆ ಸಾಲಿಗೆ ಇನ್ನೊಂದು ಸಣ್ಣ ಸ್ವಿಚ್, ನಡುವಿನ ಅಂಗಳ ದಾಟೋಕೆ ತಾಮ್ರದ ಕೇಬಲ್ ಬೇಡ, ಫೈಬರ್. ಮಲೆನಾಡಿನ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಸಿಡಿಲಿನ ಕರೆಂಟು ತಾಮ್ರದಲ್ಲಿ ಓಡುತ್ತೆ, ಗಾಜಿನ ಎಳೆಯಲ್ಲಿ ಓಡಲ್ಲ.

ಸೂಕ್ಷ್ಮ ಶುರುವಾಗೋದು ಈ ಡಬ್ಬಿಗಳ ಜೊತೆ ಬರೋ ಸಾಫ್ಟ್‌ವೇರಿನಲ್ಲಿ. ಆಫೀಸು, ಹೋಟೆಲ್ಲುಗಳಿಗೆ ಅಂತ ಮಾಡಿದ ಉಪಕರಣಗಳಲ್ಲಿ ಬಹಳಷ್ಟಕ್ಕೆ ಒಂದು ಡ್ಯಾಶ್‌ಬೋರ್ಡ್ ಇರುತ್ತೆ. ಯಾವ ಫೋನು ಎಷ್ಟು ಹೊತ್ತಿಗೆ ಯಾವ ಸೈಟಿನ ಕಡೆ ಹೋಯ್ತು ಅಂತ ಬಣ್ಣಬಣ್ಣದ ಚಾರ್ಟಿನಲ್ಲಿ ತೋರಿಸುತ್ತೆ. ಎಚ್‌ಟಿಟಿಪಿಎಸ್ ಇರೋದರಿಂದ ಒಳಗಿನ ಮಾತು ಕಾಣಲ್ಲ, ನಿಜ. ಸೈಟಿನ ಹೆಸರು ಮಾತ್ರ ಸಾಮಾನ್ಯವಾಗಿ ಕಾಣುತ್ತೆ. ರಾತ್ರಿ ಎರಡು ಗಂಟೆಗೆ ಒಬ್ಬರು ಕ್ಯಾನ್ಸರ್ ಆಸ್ಪತ್ರೆಯ ಸೈಟು, ಇನ್ನೊಬ್ಬರು ವಿಚ್ಛೇದನದ ವಕೀಲರ ಸೈಟು ತೆಗೆದಿದ್ದರೆ, ಹೆಸರಷ್ಟೇ ಸಾಕಲ್ವಾ?

ಚಿಕ್ಕಪ್ಪನಿಗೆ ಅದು ತುಂಬಾ ಹಿಡಿಸಿತು. "ಕುತೂಹಲಕ್ಕಲ್ಲ ಮಾರಾಯ. ಕನೆಕ್ಷನ್ ನನ್ನ ಹೆಸರಲ್ಲಿದೆ. ಯಾರೋ ಏನೋ ಮಾಡಿ ಹೋದ್ರೆ ಪೊಲೀಸ್ನೋರು ಬರೋದು ನನ್ನ ಬಾಗಿಲಿಗೆ" ಅಂದ್ರು. ಇದನ್ನ ತಳ್ಳಿಹಾಕೋಕಾಗಲ್ಲ. ಹೊರಗಿನವರ ಕಣ್ಣಿಗೆ ಆ ನಾಲ್ಕು ಮನೆಯ ಅತಿಥಿಗಳೆಲ್ಲ ಸೇರಿ ಸಾಮಾನ್ಯವಾಗಿ ಒಂದೇ ಐಪಿ ವಿಳಾಸ. ಆದರೆ ಅದಕ್ಕೆ ರಿಜಿಸ್ಟರ್ ಇದೆ, ಗುರುತಿನ ಚೀಟಿಯ ಜೆರಾಕ್ಸ್ ಇದೆ, ವಿದೇಶದವರು ಬಂದ್ರೆ 24 ಗಂಟೆಯೊಳಗೆ ತುಂಬೋ ಫಾರ್ಮ್ ಇದೆ. ಯಾರು ಬಂದಿದ್ರು ಅನ್ನೋದು ಒಂದು. ಬಂದವರ ತಲೆಯೊಳಗೆ ಏನಿತ್ತು ಅನ್ನೋದು ಬೇರೆ.

ಹಾಗಂತ ನಮ್ಮ ಹಳ್ಳಿಯಲ್ಲಿ ಅತಿಥಿಗಳನ್ನ ಏನೂ ಕೇಳದೆ ಕೂರಿಸ್ತಿದ್ರು ಅಂತ ಸುಳ್ಳು ಹೇಳಲ್ಲ. ನಮ್ಮಜ್ಜಿ ಬೆಲ್ಲ ನೀರು ಕೈಗೆ ಕೊಟ್ಟವಳೇ ಶುರು ಮಾಡ್ತಿದ್ಲು: ಯಾವೂರು, ಯಾರ ಪೈಕಿ, ಮದುವೆ ಆಯ್ತಾ, ಮಕ್ಕಳೆಷ್ಟು, ಯಾಕಿಲ್ಲ. ಒಂದು ಗುಟುಕು ನೀರಿಗೆ ನಾಲ್ಕು ಪ್ರಶ್ನೆ. ಆದ್ರೂ ಕೇಳ್ತಿದ್ದದ್ದು ಮುಖ ನೋಡಿ. ಬಂದವರು ಮಾತು ಹಾರಿಸಬಹುದಿತ್ತು, ಸುಳ್ಳು ಹೇಳಬಹುದಿತ್ತು, ನೀರು ಕುಡಿದು ಎದ್ದು ಹೋಗಬಹುದಿತ್ತು. ಡ್ಯಾಶ್‌ಬೋರ್ಡ್ ಕೇಳೋದೇ ಇಲ್ಲ, ತಗೊಳ್ಳುತ್ತೆ. ಆಫೀಸ್ ಲ್ಯಾಪ್‌ಟಾಪಿನಲ್ಲಿ ಮೌಸ್ ಅಲ್ಲಾಡದೆ ಎಷ್ಟು ನಿಮಿಷ ಆಯ್ತು ಅಂತ ಯಾರೋ ಎಣಿಸ್ತಾರೆ ಅಂದ್ರೆ ನಮಗೆಲ್ಲ ಮೈ ಉರಿಯುತ್ತೆ ತಾನೆ? ಅಲ್ಲಾದರೂ ಸಂಬಳ ಕೊಡ್ತಾರೆ. ಇಲ್ಲಿ ಅತಿಥಿಯೇ ದುಡ್ಡು ಕೊಟ್ಟು ಎಣಿಸಿಕೊಳ್ಳಬೇಕು.

ಚಿಕ್ಕಪ್ಪ ರಾಜಿಗೆ ಬಂದ್ರು. "ಆನ್ ಇರಲಿ, ನಾನು ನೋಡಲ್ಲ." ಅವರು ಮಾತಿಗೆ ತಪ್ಪೋರಲ್ಲ. ಆದರೂ ನಾನು ಒಪ್ಪಲಿಲ್ಲ. 'ನೋಡಲ್ಲ' ಅನ್ನೋದು ಅವರ ಒಳ್ಳೇತನದ ಮೇಲೆ ನಿಂತಿದೆ, ಅದನ್ನ ಪ್ರತಿದಿನ ಹೊಸದಾಗಿ ನಿಲ್ಲಿಸ್ಕೋಬೇಕು. 'ನೋಡೋಕಾಗಲ್ಲ' ಅನ್ನೋದನ್ನ ಒಂದೇ ಸಲ ತೀರ್ಮಾನಿಸಿದರೆ ಆಯ್ತು. ಗೆಳೆಯನೊಬ್ಬ ನಕ್ಕ: "ಗಾಂಧಾರಿ ಥರ ಕಣ್ಣಿಗೆ ಬಟ್ಟೆ ಕಟ್ಕೊಂಡ್ರೆ ಧರ್ಮ ಉಳಿಯುತ್ತೇನೋ?" ಪೆಟ್ಟು ಸರಿಯಾಗೇ ಬಿತ್ತು. ಶಕ್ತಿ ಇದ್ದೂ ಬಳಸದೆ ಇರೋದು ದೊಡ್ಡದು, ಶಕ್ತಿಯನ್ನೇ ಬಿಟ್ಟುಕೊಡೋದು ಜಾರಿಕೊಳ್ಳೋ ದಾರಿ ಅಂತ ವಾದಿಸಬಹುದು. ನನ್ನ ಉತ್ತರ ಇಷ್ಟೇ: ಗಾಂಧಾರಿ ನೋಡಬೇಕಿದ್ದದ್ದು ತನ್ನ ಮಕ್ಕಳನ್ನ. ಎರಡು ರಾತ್ರಿಗೆ ರೂಮು ಹಿಡಿದವರು ಚಿಕ್ಕಪ್ಪನಿಗೆ ಆ ಹಕ್ಕನ್ನ ಕೊಟ್ಟಿಲ್ಲ.

ಕೊನೆಗೆ ಸೈಟುಗಳ ಪಟ್ಟಿ ಇಡದ, ಸಾದಾ ಮಾದರಿಯನ್ನೇ ತಗೊಂಡ್ವಿ. ಒಂದು ಮನೆಯ ಫೋನು ಇನ್ನೊಂದು ಮನೆಯ ಟೀವಿಯನ್ನ ಕಾಣದ ಹಾಗೆ ಬೇರ್ಪಡಿಸಿದ್ದೀನಿ. ಯಾವ ಫೋನು ಯಾವ ಮನೆಯಲ್ಲಿ ಯಾವಾಗ ಸೇರಿತು ಅನ್ನೋದು ಏಳು ದಿನ ಇರುತ್ತೆ, 'ನೆಟ್ ಬರ್ತಿಲ್ಲ' ಅಂದಾಗ ಹುಡುಕೋಕೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪಾಸ್‌ವರ್ಡ್ ಪಕ್ಕದಲ್ಲೇ ಗೋಡೆಗೆ ಅಂಟಿಸಿದೆ.

ದಸರಾ ರಜೆಯಲ್ಲಿ ಚಿಕ್ಕಪ್ಪನ ಫೋನು. ಮೂರನೇ ಮನೆಗೆ ಬಂದಿದ್ದವರೊಬ್ಬರು, ಹದಿನೈದು ವರ್ಷದ ಮಗ ರಾತ್ರಿಯೆಲ್ಲ ಏನು ನೋಡ್ತಾನೆ ಅಂತ ನಿಮಗೆ ಕಾಣುತ್ತಾ ಸಾರ್ ಅಂತ ಮೆಲ್ಲಗೆ ಕೇಳಿದ್ರಂತೆ. "ನಮ್ಮಲ್ಲಿ ಕಾಣಲ್ಲ ಅಂದೆ. ನಿಜಾನೇ ಹೇಳಿದ್ದಲ್ವಾ?"

ಕಂಡಿದ್ರೆ ಹೇಳ್ತಿದ್ರಾ ಅಂತ ಕೇಳಿದೆ.

"ಹೇಳ್ತಿದ್ದೆ ಅನ್ಸುತ್ತೆ ಕಣೋ. ಮುಖ ಸಣ್ಣ ಮಾಡ್ಕೊಂಡು ನಿಂತಿದ್ರು, ಪಾಪ."

ಆ ತಂದೆ ಹಾಗಾದ್ರೆ ಹನ್ನೊಂದಕ್ಕೆ ವೈಫೈ ಆಫ್ ಮಾಡಿ ಅಂದ್ರಂತೆ. ಅದು ಸಾಧ್ಯ, ಎರಡು ನಿಮಿಷದ ಕೆಲಸ. ಆದರೆ ಅದೇ ಮನೆಯಲ್ಲಿ ಅವರ ಹೆಂಡತಿಗೆ ಹನ್ನೊಂದೂವರೆಗೆ ಅಮೆರಿಕದವರ ಜೊತೆ ಮೀಟಿಂಗು. ನೀವು ಇಬ್ಬರೂ ಮಾತಾಡ್ಕೊಂಡು ಹೇಳಿ ಸಾರ್ ಅಂತ ಚಿಕ್ಕಪ್ಪ ಕಾಫಿ ತರೋಕೆ ಒಳಗೆ ಹೋದ್ರಂತೆ.