ಹತ್ತನೆಯ ವಿಕೆಟ್

ಹೆಣ್ಣುಮಕ್ಕಳನ್ನು ಹೊಗಳುವಾಗ ನಮ್ಮವರು ಬಳಸುವ ಮಾತುಗಳಲ್ಲಿ 'ಅವಳದು ಬಿಟ್ಟುಕೊಡುವ ಸ್ವಭಾವ' ಎನ್ನುವುದಕ್ಕೆ ಮೊದಲ ಸ್ಥಾನ. ಹೆಣ್ಣು ನೋಡಲು ಬಂದವರೆದುರು ಹೇಳುವುದೂ ಅದನ್ನೇ, ಅವಳು ತೀರಿಕೊಂಡ ಮೇಲೆ ವೈಕುಂಠ ಸಮಾರಾಧನೆಯ ದಿನ ನೆನೆಯುವುದೂ ಅದನ್ನೇ. ಕೊನೆಯ ಹೋಳಿಗೆ, ಬಸ್ಸಿನ ಕಿಟಕಿ ಪಕ್ಕದ ಸೀಟು, ತಾನು ಓದಬೇಕಿದ್ದ ಓದು, ಎಲ್ಲಕ್ಕೂ ಇದೊಂದೇ ಮಾತು ಸಾಕಾಗುತ್ತದೆ. ಬಿಟ್ಟುಕೊಡುವುದು ದೊಡ್ಡ ಗುಣವೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ಯಾವಾಗ ಗುಣ, ಯಾವಾಗ ಬೇರೆ ಗತಿಯಿಲ್ಲದ್ದು? ಬಹಳ ವರ್ಷ ಕಾಡಿದ ಈ ಪ್ರಶ್ನೆಗೆ ನನಗೊಂದು ದಾರಿ ತೋರಿಸಿದ್ದು ಒಂದು ಕ್ರಿಕೆಟ್ ಪಂದ್ಯ ಎಂದರೆ ನೀವು ನಗಬಹುದು.

ನಾನೇನೂ ಕ್ರಿಕೆಟ್ ಪಂಡಿತೆಯಲ್ಲ. ಮಲ್ಲೇಶ್ವರದ ನಮ್ಮ ಮನೆಯಲ್ಲಿ ಟೆಸ್ಟ್ ಮ್ಯಾಚೆಂದರೆ ಗಂಡಸರು ಐದು ದಿನ ಟಿ.ವಿ. ಮುಂದೆ ಕೂರುವುದು, ಹೆಂಗಸರು ಐದು ದಿನ ಕಾಫಿ ಸರಬರಾಜು ಮಾಡುವುದು ಎಂದೇ ಅರ್ಥ. ಲೋಟ ಕೊಡಲು ಹೋದಾಗ, ತರಕಾರಿ ಹೆಚ್ಚುತ್ತ ನಡುಮನೆಯಲ್ಲಿ ಕೂತಾಗ ಕಿವಿಗೆ ಬಿದ್ದು ಕಲಿತ ಆಟ ಇದು. ಆದರೂ 1999ರ ಫೆಬ್ರವರಿ 7ರ ಭಾನುವಾರವನ್ನು ಮರೆಯುವಂತಿಲ್ಲ. ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಎದುರು ಅನಿಲ್ ಕುಂಬ್ಳೆ ಒಂದೇ ಇನಿಂಗ್ಸಿನ ಹತ್ತಕ್ಕೆ ಹತ್ತು ವಿಕೆಟ್‌ಗಳನ್ನೂ ತೆಗೆದ ದಿನ ಅದು.

ಗೆಲ್ಲಲು ಪಾಕಿಸ್ತಾನಕ್ಕೆ 420 ರನ್ ಬೇಕಿತ್ತು. ಮೊದಲ ಜೋಡಿಯೇ ನೂರು ದಾಟಿತು. ಆಮೇಲೆ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ, ಕಾಸರಗೋಡಿನ ಕುಂಬಳೆಯ ಹೆಸರನ್ನು ತಮ್ಮ ಹೆಸರಿನೊಂದಿಗೆ ಹೊತ್ತ ಈ ಎತ್ತರದ ಕನ್ನಡಿಗರು ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಮನೆಗೆ ಕಳಿಸಿದರು. ಪಾಕಿಸ್ತಾನ 207ಕ್ಕೆ ಮುಗಿಯಿತು. ಕುಂಬ್ಳೆ 26.3 ಓವರ್ ಹಾಕಿ, 74 ರನ್ ಕೊಟ್ಟು, 10 ವಿಕೆಟ್ ಪಡೆದಿದ್ದರು. ಟೆಸ್ಟ್ ಚರಿತ್ರೆಯಲ್ಲಿ ಅದಕ್ಕೆ ಮುಂಚೆ ಇಂಥದ್ದು ನಡೆದದ್ದು ಒಂದೇ ಸಲ, 1956ರಲ್ಲಿ, ಇಂಗ್ಲೆಂಡಿನ ಜಿಮ್ ಲೇಕರ್ ಅವರಿಂದ. ಆಮೇಲೆ ನಡೆದದ್ದೂ ಒಂದೇ ಸಲ. 2021ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ, ಅದೇ ಊರಲ್ಲಿ ಹುಟ್ಟಿ ನ್ಯೂಜಿಲೆಂಡಿಗೆ ಆಡುತ್ತಿದ್ದ ಏಜಾಜ್ ಪಟೇಲ್ ಭಾರತದ ಹತ್ತೂ ವಿಕೆಟ್ ತೆಗೆದರು. ಆದರೆ ಆ ಪಂದ್ಯವನ್ನು ಅವರ ತಂಡ 372 ರನ್ನುಗಳಿಂದ ಸೋತಿತು.

ನನ್ನ ಪ್ರಶ್ನೆ ಹುಟ್ಟುವುದು ಒಂಬತ್ತನೆಯ ಮತ್ತು ಹತ್ತನೆಯ ವಿಕೆಟ್ಟಿನ ನಡುವೆ. ಒಂಬತ್ತು ಜನ ಔಟಾಗಿದ್ದರು, ಒಂಬತ್ತೂ ಕುಂಬ್ಳೆಯವರ ಲೆಕ್ಕದಲ್ಲಿ. ಆಟದ ನಿಯಮದ ಪ್ರಕಾರ ಒಬ್ಬರೇ ಎರಡು ಓವರ್ ಮೇಲಿಂದ ಮೇಲೆ ಹಾಕುವಂತಿಲ್ಲ. ಮುಂದಿನ ಓವರ್ ಮೈಸೂರಿನ ಜಾವಗಲ್ ಶ್ರೀನಾಥ್ ಅವರದು. ಎದುರಿಗಿದ್ದವರು ಕೊನೆಯ ಜೋಡಿ. ಶ್ರೀನಾಥರ ಒಂದು ಒಳ್ಳೆಯ ಚೆಂಡು ಸಾಕಿತ್ತು, ಹತ್ತನೆಯ ವಿಕೆಟ್ ಅವರದಾಗಿಬಿಡುತ್ತಿತ್ತು. ಅವರು ಬೇಕೆಂದೇ ಚೆಂಡನ್ನು ಸ್ಟಂಪಿನಿಂದ ದೂರ ಹಾಕುತ್ತ ಹೋದರು. ಅಷ್ಟು ವರ್ಷ ವಿಕೆಟ್ ತೆಗೆಯುವುದನ್ನೇ ಕಸುಬು ಮಾಡಿಕೊಂಡಿದ್ದವರು ಆ ಓವರಿನಲ್ಲಿ ವಿಕೆಟ್ ಸಿಗದಿರಲೆಂದು ಕಷ್ಟಪಟ್ಟರು. ಬಳಿಕ ಚೆಂಡು ಕುಂಬ್ಳೆಯವರ ಕೈಗೆ ಬಂತು. ವಾಸಿಂ ಅಕ್ರಂ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು.

ಇದನ್ನೊಮ್ಮೆ ನೀತಿಪಾಠದ ಅವಧಿಯಲ್ಲಿ ನಮ್ಮ ಏಳನೆಯ ತರಗತಿಯ ಹುಡುಗಿಯರಿಗೆ ಹೇಳಿದೆ. ಕಥೆ ಮುಗಿಯುವ ಮೊದಲೇ ಒಬ್ಬಳು ಎದ್ದು ನಿಂತಳು. "ಮಿಸ್, ಬೇಕೂಂತ ಕೆಟ್ಟದಾಗಿ ಹಾಕೋದು ಮೋಸ ಅಲ್ವಾ?" ಇನ್ನೊಬ್ಬಳು ಅವಳಿಗೇ ಉತ್ತರ ಕೊಟ್ಟಳು. "ಯಾರಿಗೆ ಮೋಸ ಆಯ್ತೇ? ಗೆಲ್ಲೋದು ಗ್ಯಾರಂಟಿ ಇತ್ತಲ್ಲ." ಹಿಂದಿನ ಬೆಂಚಿನಿಂದ ಸಣ್ಣ ದನಿಯೊಂದು ಬಂತು. "ಸೋಲೋ ಹಾಗಿದ್ದಿದ್ರೆ?"

ಬಿ.ಎಡ್.ನಲ್ಲಿ ನಮಗೆ ಪ್ರಶ್ನೆ ಕೇಳುವ ವಿಧಾನಗಳನ್ನು ಪುಟಗಟ್ಟಲೆ ಕಲಿಸಿದ್ದರು. ಹಿಂದಿನ ಬೆಂಚಿನವಳು ಎರಡೇ ಪದದಲ್ಲಿ ವಿಷಯದ ಬುಡಕ್ಕೆ ಕೈಹಾಕಿದ್ದಳು. ಪಾಕಿಸ್ತಾನಕ್ಕೆ ಇನ್ನೂ ಇನ್ನೂರಕ್ಕೂ ಹೆಚ್ಚು ರನ್ ಬೇಕಿತ್ತು, ಕೈಯಲ್ಲಿದ್ದದ್ದು ಒಂದೇ ವಿಕೆಟ್. ಹಾಗಾಗಿ ಶ್ರೀನಾಥ್ ಬಿಟ್ಟುಕೊಟ್ಟದ್ದು ತಮ್ಮ ಪಾಲಿನದನ್ನು ಮಾತ್ರ. ತಂಡದ ಗೆಲುವನ್ನು ಅವರು ದಾನ ಮಾಡಲಿಲ್ಲ, ಅದು ಅವರೊಬ್ಬರ ಸೊತ್ತಾಗಿರಲಿಲ್ಲ. ಐದಾರು ರನ್ ಮಾತ್ರ ಬೇಕಿದ್ದು ಅವರು ಹೀಗೆ ಮಾಡಿದ್ದರೆ ಅದನ್ನು ಔದಾರ್ಯ ಎನ್ನಲು ನನ್ನಿಂದಾಗುತ್ತಿರಲಿಲ್ಲ. ನಮ್ಮದಲ್ಲದ್ದನ್ನು ಕೊಡುವ ಹಕ್ಕು ನಮಗಿಲ್ಲ ಎಂಬಲ್ಲಿಗೆ ಆ ದಿನದ ಪಾಠ ಮುಗಿಯಿತು.

ಪಾಠ ಮುಗಿದರೂ ವಿಷಯ ನನ್ನ ತಲೆಯಲ್ಲಿ ಮುಗಿಯಲಿಲ್ಲ. ಹಾಗೆ ನೆರವು ಪಡೆದ ಸಾಧನೆ ಪೂರ್ತಿ ಕುಂಬ್ಳೆಯವರದೇ? ಲೇಕರ್ ಹತ್ತು ವಿಕೆಟ್ ತೆಗೆದ ಆ ಇನಿಂಗ್ಸಿನಲ್ಲಿ ಅವರ ಜೊತೆಗಾರ ಟೋನಿ ಲಾಕ್ ಮನಸಾರೆ ಪ್ರಯತ್ನಿಸುತ್ತ 55 ಓವರ್ ಹಾಕಿದ್ದರು, ಒಂದು ವಿಕೆಟ್ಟೂ ಸಿಗಲಿಲ್ಲ. ಆದ್ದರಿಂದ ಲೇಕರ್ ಅವರದು ಹೆಚ್ಚು ಶುದ್ಧ ಎಂದು ವಾದಿಸುವವರು ಇರಬಹುದು. ನಾನು ಕುಂಬ್ಳೆಯವರ ಹತ್ತನ್ನೂ ಕೂತು ಎಣಿಸಿ ನೋಡಿದೆ. ಚೆಂಡು ನೇರ ಸ್ಟಂಪಿಗೆ ಬಡಿದದ್ದು ಎರಡು ಸಲ ಮಾತ್ರ. ಮೂರು ಎಲ್.ಬಿ.ಡಬ್ಲ್ಯು., ಅಂದರೆ ಅಂಪೈರ್ ಬೆರಳೆತ್ತಬೇಕು. ಉಳಿದ ಐದೂ ಕ್ಯಾಚುಗಳು: ಲಕ್ಷ್ಮಣ್ ಎರಡು, ಮೊಂಗಿಯಾ, ಗಂಗೂಲಿ, ದ್ರಾವಿಡ್ ಒಂದೊಂದು. ಇವರಲ್ಲಿ ಒಬ್ಬರ ಕೈ ಜಾರಿದ್ದರೂ ಚರಿತ್ರೆ ಬೇರೆಯಾಗಬಹುದಿತ್ತು. ಒಬ್ಬರ ಹೆಸರಿನಲ್ಲಿ ಬರೆದ ಸಾಧನೆಯಲ್ಲಿ ಎಷ್ಟೋ ಜನರ ಕೈಗಳಿರುತ್ತವೆ. ಹಬ್ಬದ ಅಡಿಗೆಯ ಹೊಗಳಿಕೆ ಬಡಿಸಿದವಳಿಗೆ ಹೋದರೂ ಹೂರಣ ರುಬ್ಬಿದವಳು ಒಳಗಿರುವುದಿಲ್ಲವೇ, ಹಾಗೆ.

ಅಮೆರಿಕದವರ ಬೇಸ್‌ಬಾಲ್ ಆಟದಲ್ಲೂ ಇಂಥದೊಂದು ಅಪೂರ್ವ ಸಾಧನೆ ಇದೆಯಂತೆ, ಅದಕ್ಕೆ 'ನೋ ಹಿಟ್ಟರ್' ಎನ್ನುತ್ತಾರೆ. ಚೆಂಡು ಎಸೆಯುವವರು ಇಡೀ ಪಂದ್ಯದಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೂಡ ಕೊಡಬಾರದು. ಅದಕ್ಕಿಂತ ಮೇಲಿನದು 'ಪರ್ಫೆಕ್ಟ್ ಗೇಮ್'. ಅಲ್ಲಿ ಬಂದ ಇಪ್ಪತ್ತೇಳು ಜನರಲ್ಲಿ ಒಬ್ಬರೂ ಮೊದಲ ನೆಲೆಯನ್ನು ಮುಟ್ಟಬಾರದು. 2010ರ ಜೂನ್ 2ರಂದು ಡೆಟ್ರಾಯ್ಟ್ ತಂಡದ ಅರ್ಮಾಂಡೋ ಗಲರಾಗ ಇಪ್ಪತ್ತಾರು ಜನರನ್ನು ಹಾಗೆಯೇ ಔಟ್ ಮಾಡಿದ್ದರು. ಇಪ್ಪತ್ತೇಳನೆಯವನೂ ಔಟೇ ಆಗಿದ್ದ, ಆದರೆ ಅಂಪೈರ್ ಜಿಮ್ ಜಾಯ್ಸ್ ಔಟಿಲ್ಲ ಎಂದುಬಿಟ್ಟರು. ಜೀವಮಾನದ ಸಾಧನೆ ಕಣ್ಣೆದುರಿಗೇ ಕೈತಪ್ಪಿತು. ಗಲರಾಗ ಒಂದು ನಗೆ ನಕ್ಕು ಹಿಂತಿರುಗಿ ಮುಂದಿನ ಚೆಂಡು ಎಸೆದರು. ಆಮೇಲೆ ಟಿ.ವಿ.ಯಲ್ಲಿ ನೋಡಿ ಅಂಪೈರ್ ತಮ್ಮದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡರು. ಮರುದಿನ ಮೈದಾನದಲ್ಲಿ ತಂಡದ ಪಟ್ಟಿಯನ್ನು ಅವರ ಕೈಗಿಡಲು ಬಂದವರು ಗಲರಾಗ ಅವರೇ. ಅಂಪೈರ್ ಕಣ್ಣೊರೆಸಿಕೊಂಡರು.

ಆ ಕ್ಷಮೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಆದರೂ ಶ್ರೀನಾಥರು ಮಾಡಿದ್ದು ಬೇರೆ ಜಾತಿಯದು. ಗಲರಾಗ ಅವರಿಂದ ಕಸಿದಾಗಿತ್ತು, ಕಸಿದುಹೋದದ್ದನ್ನು ಅವರು ನಗುತ್ತ ನುಂಗಿದರು. ಶ್ರೀನಾಥರ ಕೈಯಲ್ಲಿ ಚೆಂಡು ಇನ್ನೂ ಇತ್ತು. ಯಾರು ಏನೇ ಹೇಳಿರಲಿ ಬಿಟ್ಟಿರಲಿ, ಅದನ್ನು ಎಲ್ಲಿಗೆ ಹಾಕಬೇಕೆಂಬುದು ಅವರಿಗೆ ಸೇರಿದ್ದು. ನಮ್ಮಲ್ಲಿ ಹೆಂಗಸರ ಸಹನೆಯನ್ನೂ ತ್ಯಾಗವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ತೂಗುತ್ತಾರೆ. ಇವೆರಡರ ನಡುವೆ ಅಜಗಜಾಂತರವಿದೆ. ಏಕಲವ್ಯನ ಹೆಬ್ಬೆರಳನ್ನೇ ನೋಡಿ. ಅರ್ಜುನನಿಗೆ ಸಮಾನರು ಇರಬಾರದೆಂದು ಗುರು ಕೇಳಿದ್ದು, ಗುರುದಕ್ಷಿಣೆ ಎಂಬ ಹೆಸರಿಟ್ಟು ಪಡೆದದ್ದು. ಆ ಕಾಡಿನ ಹುಡುಗನಿಗೆ 'ಆಗುವುದಿಲ್ಲ' ಎನ್ನುವ ದಾರಿ ಇತ್ತೇ? ಇಲ್ಲದಿದ್ದ ಮೇಲೆ ಅದನ್ನು ದಾನವೆಂದು ಕರೆಯುವುದು ಪಡೆದವರಿಗೆ ಅನುಕೂಲ, ಅಷ್ಟೆ.

ನನ್ನ ಅಕ್ಕನ ಮಾತು ಇಲ್ಲಿ ಹೇಳಬೇಕು. ಅವಳು ನನಗಿಂತ ಲೆಕ್ಕದಲ್ಲಿ ಚುರುಕು. ಪಿ.ಯು.ಸಿ. ಮುಗಿಸಿದ ವರ್ಷ ಅಣ್ಣನ ಇಂಜಿನಿಯರಿಂಗ್ ಫೀಸು, ಅಮ್ಮನ ಕಾಯಿಲೆ ಎರಡೂ ಒಟ್ಟಿಗೆ ಬಂದವು. ಅಕ್ಕ ಮನೆಯಲ್ಲೇ ಉಳಿದಳು. ಬೆಳಿಗ್ಗೆ ನನಗೆ ಜಡೆ ಹಾಕಿ, ಡಬ್ಬಿ ಕಟ್ಟಿ ಕಳಿಸುತ್ತಿದ್ದವಳು ಅವಳೇ. ನಾನು ಬಿ.ಎ., ಬಿ.ಎಡ್. ಓದಿ ಮೇಷ್ಟ್ರಮ್ಮನಾದೆ. ನೆಂಟರೆಲ್ಲ ಇಂದಿಗೂ "ಅವಳು ತಾನಾಗಿ ಬಿಟ್ಟುಕೊಟ್ಟಳು, ದೇವತೆ" ಎನ್ನುತ್ತಾರೆ. ಒಮ್ಮೆ ಹಪ್ಪಳ ಒತ್ತುತ್ತ ಕೂತಿದ್ದಾಗ ನಾನೇ ಕೇಳಿದೆ, "ಅಕ್ಕಾ, ನೀನಾಗೇ ಬಿಟ್ಟೆಯಾ?" ಅವಳು ಲಟ್ಟಣಿಗೆ ನಿಲ್ಲಿಸಲಿಲ್ಲ. "ಓದ್ತೀಯಾ ಅಂತ ಯಾರೂ ಕೇಳಲಿಲ್ಲ ಕಣೇ. ಕೇಳಿದ್ದಿದ್ರೂ ಬಹುಶಃ ಬಿಡ್ತಿದ್ದೆ. ಆದ್ರೆ ಕೇಳಬಹುದಿತ್ತು."

ಈ ಮಾತಿಗೆ ನಾನು ಏನನ್ನೂ ಸೇರಿಸಲಾರೆ. ಕೊಡುವವರಿಗೆ ಕೊಡದಿರುವ ಅವಕಾಶವೂ ಇರಬೇಕು. ಆಗ ಕೊಟ್ಟದ್ದಕ್ಕೆ ಬೆಲೆ, ಕೊಟ್ಟವರಿಗೂ ಘನತೆ.

ಇನ್ನೊಂದು ಮಾತು. ಅದೇ ಫೆಬ್ರವರಿ ತಿಂಗಳಲ್ಲಿ, ಕೋಟ್ಲಾ ಮುಗಿದು ಎರಡು ವಾರ ತುಂಬುವುದರೊಳಗೆ, ಕಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಅದೇ ಪಾಕಿಸ್ತಾನದ ಎದುರು ಶ್ರೀನಾಥ್ ಒಂದೇ ಇನಿಂಗ್ಸಿನಲ್ಲಿ 86 ರನ್ನಿಗೆ 8 ವಿಕೆಟ್, ಇಡೀ ಪಂದ್ಯದಲ್ಲಿ 13 ವಿಕೆಟ್ ತೆಗೆದರು. ಭಾರತ ಆ ಪಂದ್ಯ ಸೋತಿತೆನ್ನುವುದು ಬೇರೆ ಮಾತು. ನಾನು ಗಮನಿಸುವುದು ಇದನ್ನು: ಒಂದು ಓವರನ್ನು ಗೆಳೆಯನಿಗಾಗಿ ಬಿಟ್ಟುಕೊಟ್ಟವರಿಗೆ ಮುಂದಿನ ಮೈದಾನ ಕಾದಿತ್ತು. ಕೊಟ್ಟಮೇಲೂ ಅವರು ಬೌಲರ್ ಆಗಿಯೇ ಉಳಿದರು. ಅಕ್ಕ ಬಿಟ್ಟುಕೊಟ್ಟದ್ದು ಒಂದು ಓವರನ್ನಲ್ಲ, ಚೆಂಡನ್ನೇ. ಒಂದು ಸಲ ಬಿಟ್ಟದ್ದು ಮತ್ತೆ ಅವಳ ಕೈಗೆ ಬರಲಿಲ್ಲ.

ಹಾಗೆಂದು ಹೆಣ್ಣುಮಕ್ಕಳು ಇನ್ನು ಮೇಲೆ ಏನನ್ನೂ ಬಿಟ್ಟುಕೊಡಬಾರದೆಂದು ನಾನು ಹೇಳುತ್ತಿಲ್ಲ. ಎಲ್ಲರೂ ತಮ್ಮ ತಮ್ಮ ವಿಕೆಟ್ಟನ್ನೇ ಎಣಿಸುತ್ತ ಕೂತರೆ ಮನೆಯೂ ನಡೆಯದು, ಶಾಲೆಯೂ ನಡೆಯದು. ಗೆಳತಿಯ ಒಳಿತಿಗಾಗಿ ಕೈ ಹಿಂದೆಗೆಯುವ ಸುಖ ತಿಳಿಯದ ಬದುಕು ಬಡ ಬದುಕೇ ಸರಿ. ನಾನು ಹೇಳುವುದಿಷ್ಟು: ಯಾರನ್ನಾದರೂ ತ್ಯಾಗಮಯಿ ಎಂದು ಹೊಗಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಕೊಟ್ಟದ್ದು ಅವಳದೇ ಆಗಿತ್ತೇ? ಕೊಡುವುದಿಲ್ಲ ಎನ್ನಲು ಅವಳಿಗೆ ಸಾಧ್ಯವಿತ್ತೇ? ಕೊಟ್ಟ ಮೇಲೆ ಅವಳಿಗೆ ನಾಳೆ ಎಂಬುದು ಉಳಿಯಿತೇ?

ಪಡೆದವರ ಪಾಲಿಗೂ ಒಂದು ಕೆಲಸವಿದೆ. ಕುಂಬ್ಳೆಯವರ ಹತ್ತು ವಿಕೆಟ್ಟಿನ ಕಥೆ ಹೇಳುವಾಗ ಶ್ರೀನಾಥರ ಆ ಓವರನ್ನು ಜನ ಇಂದಿಗೂ ಮರೆಯದೆ ಹೇಳುತ್ತಾರೆ. ಅಂಕಿಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ, ಜನರ ಬಾಯಲ್ಲಿದೆ. ನಮ್ಮ ನಮ್ಮ ಮನೆಗಳ ಡಿಗ್ರಿ, ಕೆಲಸ, ಸೈಟು, ಮದುವೆಗಳ ಹಿಂದೆಯೂ ಯಾರದೋ ಒಂದು ಓವರ್ ಇದ್ದೇ ಇರುತ್ತದೆ. ಅದನ್ನು ಹೆಸರು ಹಿಡಿದು ಹೇಳಬೇಕು, ಅವರು ಬದುಕಿರುವಾಗಲೇ, ಅವರ ಎದುರಿನಲ್ಲೇ ಹೇಳಬೇಕು.